ಹರಿನೈಗಮೇಷಿಯ ಮುಖ: ಕಲ್ಪಸೂತ್ರದ ಸಚಿತ್ರ ಪ್ರತಿಗಳಲ್ಲಿ ಪಶುರೂಪ ಮತ್ತು ಮನುಷ್ಯಭಾವ

೧

ಪಶ್ಚಿಮ ಭಾರತದ ಗ್ರಂಥಭಂಡಾರಗಳಲ್ಲಿ ಸಂರಕ್ಷಿತವಾಗಿರುವ ಕಲ್ಪಸೂತ್ರದ ಸಚಿತ್ರ ಪ್ರತಿಗಳನ್ನು ಪರಿಶೀಲಿಸಿದವರಿಗೆ ಹರಿನೈಗಮೇಷಿಯ ಆಕೃತಿ ಅಪರಿಚಿತವಲ್ಲ. ಕೊರಳಿನಿಂದ ಕೆಳಗೆ ಅವನು ಆಭರಣಗಳನ್ನು ಧರಿಸಿ, ಧೋತ್ರವನ್ನುಟ್ಟು, ಉತ್ತರೀಯವನ್ನು ಹೊದ್ದ ದೇವಪುರುಷ. ಕೊರಳಿನಿಂದ ಮೇಲೆ ಕೊಂಬು, ನೀಳವಾದ ಮೂತಿ, ಚಾಚಿದ ಕಿವಿಗಳುಳ್ಳ ಪಶು. ಈ ಎರಡು ಭಾಗಗಳು ಒಂದೇ ರೇಖೆಯಲ್ಲಿ ಹೇಗೆ ಕೂಡಿಕೊಂಡವು, ಹೀಗೆ ಕೂಡಿದ ಆಕೃತಿಯಿಂದ ಭಕ್ತಿ, ವಿನಯ, ಎಚ್ಚರ ಮೊದಲಾದ ಭಾವಗಳನ್ನು ಚಿತ್ರಕಾರನು ಹೇಗೆ ಹೊರಡಿಸಿದನು ಎಂಬ ಪ್ರಶ್ನೆಗೆ ದೊರೆಯಬೇಕಾದಷ್ಟು ಗಮನ ದೊರೆತಿಲ್ಲ. ಪ್ರತಿಗಳ ವಿವರಣಾತ್ಮಕ ಸೂಚಿಗಳಲ್ಲಿ ಸಾಮಾನ್ಯವಾಗಿ ಕಾಣುವುದು 'ಹರಿಣಮುಖನಾದ ದೇವ' ಎಂಬ ಒಂದೇ ಮಾತು. ಈ ಮಾತು ಎಷ್ಟರಮಟ್ಟಿಗೆ ಸಾಧು ಎಂಬುದನ್ನು ವಿಚಾರಿಸಿದರೆ, ಚಿತ್ರವನ್ನು ಹಸ್ತಪ್ರತಿಯ ಸಾಕ್ಷ್ಯವೆಂದು ಹೇಗೆ ಓದಬೇಕೆಂಬ ದೊಡ್ಡ ಪ್ರಶ್ನೆಯೂ ಅದರೊಡನೆ ಮೇಲೇಳುತ್ತದೆ.

ಗರ್ಭಾಪಹರಣ ಪ್ರಸಂಗವನ್ನು ಶ್ವೇತಾಂಬರ ಸಂಪ್ರದಾಯ ಅಂಗೀಕರಿಸಿದೆ, ದಿಗಂಬರ ಸಂಪ್ರದಾಯ ಅಂಗೀಕರಿಸಿಲ್ಲ. ಆ ಮತಭೇದದ ನಿರ್ಣಯ ಇಲ್ಲಿ ಪ್ರಕೃತವಲ್ಲ. ಚಿತ್ರ ಮತ್ತು ಪಾಠ ಇವುಗಳ ಸಂಬಂಧವೇ ಇಲ್ಲಿನ ವಿಚಾರ.

೨

ಮೊದಲು ಸೂತ್ರದ ಪಾಠವನ್ನು ನೋಡಬಹುದು. ಬ್ರಾಹ್ಮಣಿಯಾದ ದೇವಾನಂದೆಯ ಗರ್ಭದಲ್ಲಿ ಮಹಾವೀರನ ಜೀವವು ನೆಲೆಸಿ ೮೨ ದಿನಗಳು ಕಳೆದ ಮೇಲೆ, ಶಕ್ರೇಂದ್ರನು ತನ್ನ ಪದಾತಿಸೈನ್ಯದ ಅಧಿಪತಿಯಾದ ಹರಿನೈಗಮೇಷಿಯನ್ನು ಕರೆದು, ಆ ಗರ್ಭವನ್ನು ಕ್ಷತ್ರಿಯಾಣಿಯಾದ ತ್ರಿಶಲೆಯ ಉದರಕ್ಕೂ ತ್ರಿಶಲೆಯ ಗರ್ಭವನ್ನು ದೇವಾನಂದೆಯ ಉದರಕ್ಕೂ ಸಾಗಿಸುವಂತೆ ಆಜ್ಞಾಪಿಸುತ್ತಾನೆ. ಆಜ್ಞೆಯನ್ನು ಕೈಮುಗಿದು ಸ್ವೀಕರಿಸಿದ ದೇವನು ಈಶಾನ್ಯ ದಿಕ್ಕಿಗೆ ಸರಿದು, ವೈಕ್ರಿಯ ಸಮುದ್ಘಾತವನ್ನು ಮಾಡಿ, ಉತ್ತರವೈಕ್ರಿಯ ರೂಪವನ್ನು ತಳೆಯುತ್ತಾನೆ. ದೇವಾನಂದೆಯ ಮನೆಗೆ ಬಂದು, ಭಗವಂತನನ್ನು ಕಂಡೊಡನೆ ನಮಸ್ಕರಿಸುತ್ತಾನೆ. ಆಕೆಯನ್ನೂ ಪರಿವಾರವನ್ನೂ ಅವಸ್ವಾಪಿನೀ ನಿದ್ರೆಯಲ್ಲಿ ಮುಳುಗಿಸುತ್ತಾನೆ. ಅಶುಭ ಪುದ್ಗಲಗಳನ್ನು ತೆಗೆದು ಶುಭ ಪುದ್ಗಲಗಳನ್ನಿಡುತ್ತಾನೆ. ಅನಂತರ ಯಾವ ಬಾಧೆಯೂ ಆಗದಂತೆ ಗರ್ಭವನ್ನು ಕರತಲಸಂಪುಟದಲ್ಲಿ ಎತ್ತಿಕೊಳ್ಳುತ್ತಾನೆ.

ಈ ವರ್ಣನೆಯಲ್ಲಿ ದೇವನ ಗತಿಯ ವೇಗವಿದೆ, ವಿನಯವಿದೆ, ಕೈಗಳ ವಿನ್ಯಾಸವಿದೆ, ಕಾರ್ಯದ ಕ್ರಮವಿದೆ. ಮುಖದ ಮಾತು ಮಾತ್ರ ಇಲ್ಲ. ಅವನಿಗೆ ಪಶುವಿನ ಶಿರಸ್ಸಿದೆಯೆಂದು ಸೂತ್ರವು ಎಲ್ಲಿಯೂ ಹೇಳುವುದಿಲ್ಲ. ದೇವನೊಬ್ಬನು ಗರ್ಭವನ್ನು ಸಾಗಿಸಬಲ್ಲ ಕೌಶಲವನ್ನು ಚರ್ಚಿಸುವ ಭಗವತೀಸೂತ್ರದಲ್ಲಿಯೂ ಶಕ್ತಿಯ ವಿಚಾರವಿದೆಯೇ ಹೊರತು ರೂಪದ ವಿಚಾರವಿಲ್ಲ. ಅಂತಕೃದ್ದಶಾಂಗದಲ್ಲಿ ಸುಲಸೆಯು ಇದೇ ದೇವನನ್ನು ಆರಾಧಿಸುತ್ತಾಳೆ. ದೇವಕಿಯ ಆರು ಮಕ್ಕಳು ಆಕೆಗೆ ದೊರೆಯುವುದು ಇವನಿಂದಲೇ. ದಿಗಂಬರ ಪರಂಪರೆಯಲ್ಲಿಯೂ ಪುನ್ನಾಟಸಂಘದ ಜಿನಸೇನನು ಶಕ ೭೦೫ರಲ್ಲಿ, ಎಂದರೆ ಕ್ರಿ.ಶ. ೭೮೩ರಲ್ಲಿ ಮುಗಿಸಿದ ಹರಿವಂಶಪುರಾಣದಲ್ಲಿ, ನೈಗಮನೆಂಬ ದೇವನು ದೇವಕಿಯ ಶಿಶುಗಳನ್ನು ಅಲಕೆಯೆಂಬ ಶ್ರೇಷ್ಠಿಪತ್ನಿಯ ಬಳಿಗೆ ಒಯ್ಯುತ್ತಾನೆ. ಅಲ್ಲಿ ಸಾಗುವುದು ಗರ್ಭವಲ್ಲ, ಹುಟ್ಟಿದ ಶಿಶು. ಆದರೂ ಒಬ್ಬ ತಾಯಿಯಿಂದ ಇನ್ನೊಬ್ಬ ತಾಯಿಯ ಕಡೆಗೆ ಜೀವವನ್ನು ನೋಯಿಸದೆ ಒಯ್ಯುವ ದೇವನೆಂಬ ಕಲ್ಪನೆ ಎರಡೂ ಪರಂಪರೆಗಳಿಗೆ ಸಮಾನವಾಗಿದೆ.

೩

ಹಾಗಾದರೆ ಪಶುಮುಖವು ಎಲ್ಲಿಂದ ಬಂದಿತು? ಇದಕ್ಕೆ ಉತ್ತರವನ್ನು ಶಿಲ್ಪ, ವೈದ್ಯಗ್ರಂಥ ಮತ್ತು ಪುರಾಣಗಳಲ್ಲಿ ಹುಡುಕಬೇಕಾಗುತ್ತದೆ. ಮಥುರೆಯ ಕಂಕಾಲೀ ಟೀಲಾದಲ್ಲಿ ದೊರೆತು ಈಗ ಲಕ್ನೋ ವಸ್ತುಸಂಗ್ರಹಾಲಯದಲ್ಲಿರುವ ಒಂದು ಶಿಲಾಫಲಕದಲ್ಲಿ ಆಡಿನ ತಲೆಯುಳ್ಳ ದೇವನೊಬ್ಬನು ಆಸೀನನಾಗಿದ್ದಾನೆ. ಅವನ ಬಳಿ ಒಂದು ಚಿಕ್ಕ ಆಕೃತಿಯೂ ನಿಂತಿರುವ ಸ್ತ್ರೀಯರೂ ಇದ್ದಾರೆ. ಅವನನ್ನು ಭಗವಾನ್ ನೇಮೇಸನೆಂದು ಕರೆಯುವ ಬರೆಹ ಅಲ್ಲಿಯೇ ಇದೆ. ಬ್ಯೂಲರ್ ಮಹಾಶಯರು ೧೮೯೪ರಲ್ಲಿ ಇದನ್ನು ಪ್ರಕಟಿಸಿ, ಗರ್ಭಾಪಹರಣದ ದೃಶ್ಯವೆಂದು ವ್ಯಾಖ್ಯಾನಿಸಿದರು. ಆ ವ್ಯಾಖ್ಯಾನವನ್ನು ಪೂರ್ಣವಾಗಿ ಒಪ್ಪಲು ಫಲಕದ ಭಗ್ನಸ್ಥಿತಿ ಅಡ್ಡಿಯಾಗುತ್ತದೆ. ಮಲಗಿದ ತಾಯಿಯಾಗಲಿ ಗರ್ಭವನ್ನೆತ್ತುವ ಕ್ರಿಯೆಯಾಗಲಿ ಅದರಲ್ಲಿ ಸ್ಪಷ್ಟವಾಗಿಲ್ಲ. ಆದರೆ ಕ್ರಿಸ್ತಶಕದ ಆದಿಭಾಗದಲ್ಲಿಯೇ ಜೈನಕ್ಷೇತ್ರವೊಂದರಲ್ಲಿ ಈ ದೇವನು ಅಜಮುಖನಾಗಿ ಪೂಜ್ಯನಾಗಿದ್ದನೆಂಬಷ್ಟು ಸಂಗತಿ ನಿರ್ವಿವಾದ.

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಬಾಲಗ್ರಹಗಳು ಒಂಬತ್ತು; ಅವುಗಳಲ್ಲಿ ನೈಗಮೇಷನೂ ಒಬ್ಬ. ಅವನು ಅಜಾನನನೆಂದೂ ಚಲಿಸುವ ಕಣ್ಣುಹುಬ್ಬುಗಳುಳ್ಳವನೆಂದೂ ಅಲ್ಲಿ ವರ್ಣಿತನಾಗಿದ್ದಾನೆ. ಶಿಶುವನ್ನು ಕಾಪಾಡೆಂಬ ಪ್ರಾರ್ಥನೆಯೂ ಅವನಿಗೇ ಸಲ್ಲುತ್ತದೆ. ಮಹಾಭಾರತದ ಸ್ಕಂದೋಪಾಖ್ಯಾನದಲ್ಲಿ ಛಾಗಮುಖನ ಪ್ರಸ್ತಾಪವಿದೆ. ಸಂತಾನಾಪೇಕ್ಷೆಯಿಂದ ನೇಜಮೇಷನನ್ನು ಕರೆಯುವ ಮಂತ್ರಗಳು ಋಗ್ವೇದದ ಖಿಲಭಾಗದಲ್ಲಿವೆ. ಅಹಿಚ್ಛತ್ರ ಮೊದಲಾದ ಉತ್ಖನನಸ್ಥಳಗಳಲ್ಲಿ ಆಡಿನ ಮೂತಿಯ, ಜೋಲುಗಿವಿಯ ಮಣ್ಣಿನ ಬೊಂಬೆಗಳು ಹೇರಳವಾಗಿ ದೊರೆತಿವೆ. ಡಾ. ಉಮಾಕಾಂತ ಪ್ರೇಮಾನಂದ ಶಾಹರು ಇವೆಲ್ಲವನ್ನೂ ಒಂದೆಡೆ ಕೂಡಿಸಿ ಈ ದೇವನ ಇತಿಹಾಸವನ್ನು ನಿರೂಪಿಸಿದ್ದಾರೆ. ಪ್ರಸವ ಮತ್ತು ಶೈಶವಗಳ ರಕ್ಷಕನಾದ ಅಜಮುಖ ದೇವನೊಬ್ಬನು ಸಮಸ್ತ ಉತ್ತರಾಪಥದಲ್ಲಿ ಜನಜನಿತನಾಗಿದ್ದನು. ಜೈನಾಗಮವು ಅವನನ್ನು ಶಕ್ರನ ಸೇನಾನಿಯ ಪದವಿಯಲ್ಲಿ ನಿಲ್ಲಿಸಿತು. ಮುಖದ ವರ್ಣನೆಯನ್ನು ಮಾಡುವ ಅಗತ್ಯ ಅದಕ್ಕೆ ತೋರಲಿಲ್ಲ.

ಆದಿಯಲ್ಲಿ ಆಡಾಗಿದ್ದ ಮುಖ ಚಿತ್ರಗಳಲ್ಲಿ ಹುಲ್ಲೆಯಾದುದಕ್ಕೆ ಕಾರಣ ನಾಮದಲ್ಲಿದೆ. ಹರಿ ಎಂದರೆ ಇಂದ್ರ. ಅವನ ನೈಗಮವನ್ನು, ಎಂದರೆ ಆದೇಶವನ್ನು ಬಯಸುವವನು ಹರಿನೈಗಮೇಷಿ ಎಂಬುದು ಟೀಕಾಕಾರರ ನಿರುಕ್ತಿ. ಆದರೆ ಪ್ರಾಕೃತದಲ್ಲಿ ನಕಾರವು ಣಕಾರವಾಗಿ ಈ ಪದವು 'ಹರಿಣೇಗಮೇಸಿ' ಎಂದಾಗುತ್ತದೆ. ಹೀಗಾದೊಡನೆ ಪದದ ಮೊದಲಿಗೆ 'ಹರಿಣ' ಶಬ್ದವು ಕಿವಿಗೆ ಬೀಳುತ್ತದೆ. ಸಂಧಿಯನ್ನು ಬಿಡಿಸಿ ನೋಡದವನಿಗೆ ಜಿಂಕೆಯೇ ಕಣ್ಣಿಗೆ ಕಟ್ಟುತ್ತದೆ. ಪದದ ಕೊನೆಯಲ್ಲಿ 'ಮೇಷ'ವನ್ನು ಕೇಳಿದವನಿಗೆ ಟಗರು ತೋರಿದರೂ ಆಶ್ಚರ್ಯವಿಲ್ಲ. ಕೆಲವು ಪ್ರತಿಗಳಲ್ಲಿ ಮುಖವು ಕುದುರೆಯನ್ನು ಹೋಲುತ್ತದೆ. ಹರಿ ಶಬ್ದಕ್ಕೆ ಕೋಶಗಳಲ್ಲಿ ಕುದುರೆಯೆಂಬ ಅರ್ಥವೂ ಉಂಟಾದರೂ ಆ ಅರ್ಥದ ಆಧಾರದಿಂದಲೇ ಚಿತ್ರಕಾರನು ಹಾಗೆ ಬರೆದನೆನ್ನುವುದು ಅತಿಯಾದೀತು. ಕೊಂಬನ್ನು ಕಿರಿದಾಗಿಸಿ ಮೂತಿಯನ್ನು ನೀಳವಾಗಿಸಿದರೆ ಯಾವ ಪಶುವಾದರೂ ಕುದುರೆಯಂತೆ ಕಾಣುತ್ತದೆ.

ಇದರಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಆಡು, ಟಗರು, ಹುಲ್ಲೆ, ಕುದುರೆ ಎಂಬ ಭೇದಗಳು ಕೇವಲ ಕುಂಚದ ಸ್ವೇಚ್ಛೆಯಲ್ಲ. ಅವುಗಳಲ್ಲಿ ಕೆಲವು ಹಳೆಯ ಮೂರ್ತಿಪರಂಪರೆಯ ಉಳಿಕೆ, ಕೆಲವು ಶಬ್ದವನ್ನು ಓದಿಕೊಂಡ ರೀತಿಯ ಫಲ. ಪಾಠದಲ್ಲಿ ಪಾಠಾಂತರಗಳಿರುವಂತೆ ಚಿತ್ರದಲ್ಲಿ ಇವು ರೂಪಾಂತರಗಳು. ಎಲ್ಲವನ್ನೂ 'ಹರಿಣಮುಖ' ಎಂದು ಬರೆದುಬಿಡುವುದು, ನಾಲ್ಕು ಪ್ರತಿಗಳ ನಾಲ್ಕು ಪಾಠಗಳನ್ನು ಪರಿಶೀಲಿಸದೆ ಒಂದನ್ನೇ ಮುದ್ರಿಸಿದಷ್ಟು ದೋಷಾವಹ.

೪

ಈ ಪಶುಮುಖವನ್ನು ಇನ್ನೊಂದು ರೀತಿಯಲ್ಲಿ ಸಮರ್ಥಿಸಬಹುದೆಂದು ತೋರೀತು. ದೇವನು ಉತ್ತರವೈಕ್ರಿಯ ರೂಪವನ್ನು ತಳೆದನೆಂದು ಸೂತ್ರವೇ ಹೇಳಿರುವುದರಿಂದ, ಚಿತ್ರದಲ್ಲಿನ ಪಶುಮುಖವು ಆ ವಿಕ್ರಿಯೆಯ ಚಿಹ್ನೆಯಾಗಿರಬಹುದಲ್ಲವೆ? ಯುಕ್ತಿ ಸೊಗಸಾಗಿದೆ, ಆದರೆ ಚಿತ್ರಗಳೇ ಅದನ್ನು ನಿರಾಕರಿಸುತ್ತವೆ. ಈ ಪ್ರಸಂಗಕ್ಕೆ ಸಾಮಾನ್ಯವಾಗಿ ಬರೆಯಲಾಗುವ ದೃಶ್ಯಗಳು ಶಕ್ರನು ಆಜ್ಞೆಯನ್ನೀಯುವುದು, ದೇವಾನಂದೆಯಿಂದ ಗರ್ಭವನ್ನು ತೆಗೆಯುವುದು, ಗರ್ಭವನ್ನು ಒಯ್ಯುವುದು, ತ್ರಿಶಲೆಯಲ್ಲಿ ಇಡುವುದು. ಇವುಗಳಲ್ಲಿ ಮೊದಲನೆಯದು ವಿಕ್ರಿಯೆಗೆ ಮುಂಚಿನದು. ಆ ದೃಶ್ಯದಲ್ಲಿಯೂ ಶಕ್ರನ ಸಿಂಹಾಸನದ ಮುಂದೆ ನಿಂತವನು ಪಶುಮುಖನೇ. ಆದ್ದರಿಂದ ಚಿತ್ರಕಾರನ ದೃಷ್ಟಿಯಲ್ಲಿ ಆ ಮುಖ ತಾತ್ಕಾಲಿಕ ವೇಷವಲ್ಲ. ಅದು ಅವನ ಗುರುತು.

ಗುರುತು ಏಕೆ ಬೇಕಾಯಿತೆಂಬುದನ್ನು ಪತ್ರದ ಅಳತೆಯೇ ತಿಳಿಸುತ್ತದೆ. ತಾಳೆಯೋಲೆಯ ಪ್ರತಿಗಳಲ್ಲಿ ಚಿತ್ರಕ್ಕೆ ದೊರೆಯುತ್ತಿದ್ದ ಸ್ಥಳ ಎರಡು ಮೂರು ಅಂಗುಲ ಮಾತ್ರ. ಹದಿನಾಲ್ಕನೆಯ ಶತಮಾನದಿಂದ ಕಾಗದದ ಬಳಕೆ ಹೆಚ್ಚಿ ಪತ್ರದ ಎತ್ತರ ಬೆಳೆದರೂ ಲಿಪಿಕಾರನು ಬಿಟ್ಟ ಚೌಕದೊಳಗೇ ಚಿತ್ರಕಾರನು ಕೆಲಸ ಮಾಡಬೇಕಾಗಿತ್ತು. ಈ ಶೈಲಿಯಲ್ಲಿ ದೇವರು, ಅರಸು, ಶ್ರೇಷ್ಠಿ ಎಲ್ಲರ ಮುಖವೂ ಒಂದೇ ಅಚ್ಚಿನದು: ಚೂಪಾದ ಮೂಗು, ಪಾರ್ಶ್ವಕ್ಕೆ ತಿರುಗಿದ ಗಲ್ಲ, ಅದರಾಚೆಗೆ ಹೊರಚಾಚಿದ ಎರಡನೆಯ ಕಣ್ಣು. ಮುಖದಿಂದ ವ್ಯಕ್ತಿಯನ್ನು ಗುರುತಿಸುವುದು ಇಲ್ಲಿ ಅಸಾಧ್ಯ. ಆಸನ, ಆಯುಧ, ವರ್ಣ, ಸ್ಥಾನ ಇವುಗಳಿಂದಲೇ ಗುರುತಿಸಬೇಕು. ಪರ್ಯುಷಣದಲ್ಲಿ ಸೂತ್ರವನ್ನು ವಾಚಿಸುತ್ತ ಸಭೆಗೆ ಪತ್ರಗಳನ್ನು ತೋರಿಸುವ ರೂಢಿಯಿದ್ದುದರಿಂದ, ದೂರದಲ್ಲಿ ಕುಳಿತವನಿಗೂ ಇವನಾರೆಂಬುದು ಒಡನೆಯೇ ತಿಳಿಯಬೇಕಾಗಿತ್ತು. ಹೀಗೆ ಎಲ್ಲ ಮುಖಗಳೂ ಒಂದೇ ಆಗಿರುವ ಲೋಕದಲ್ಲಿ, ವಿಶಿಷ್ಟವಾದ ಮುಖವುಳ್ಳವನು ಪಶುಮುಖನೊಬ್ಬನೇ ಆದನು.

ಆದರೆ ಗುರುತಿಗಾಗಿ ಪಶುಮುಖವನ್ನು ಒಪ್ಪಿಕೊಂಡ ಚಿತ್ರಕಾರನಿಗೆ ಒಂದು ತೊಡಕು ಎದುರಾಯಿತು. ಭಕ್ತಿಯಿಂದ ಅರಳುವ ಕಣ್ಣನ್ನೋ ವಿನಯದಿಂದ ಬಾಗುವ ತುಟಿಯನ್ನೋ ಆಡಿನ ಮೂತಿಯಲ್ಲಿ ತೋರಿಸುವುದು ಹೇಗೆ? ಇದಕ್ಕೆ ಅವನು ಕಂಡುಕೊಂಡ ಪರಿಹಾರವು ಪ್ರಶಂಸಾರ್ಹವಾದುದು. ಪಶುವಿನ ಮುಖಕ್ಕೆ ಮನುಷ್ಯನ ನಗೆಯನ್ನಾಗಲಿ ಅಳುವನ್ನಾಗಲಿ ಅವನು ಅಂಟಿಸಲಿಲ್ಲ. ಮುಖವನ್ನು ಪಶುವಿನದಾಗಿಯೇ ಬಿಟ್ಟು, ಭಾವದ ಭಾರವನ್ನೆಲ್ಲ ದೇಹಕ್ಕೆ ವಹಿಸಿದನು. ಶಕ್ರನ ಮುಂದೆ ಕೈಮುಗಿದು ನಿಂತಾಗ ಬೆನ್ನು ತುಸು ಬಾಗಿರುತ್ತದೆ. ಒಯ್ಯುವ ದೃಶ್ಯದಲ್ಲಿ ಮೊಣಕಾಲುಗಳು ಮಡಿದು ಹೆಜ್ಜೆ ದೊಡ್ಡದಾಗುತ್ತದೆ, ಉತ್ತರೀಯದ ಅಂಚು ಹಿಂದಕ್ಕೆ ಹಾರುತ್ತದೆ. ಮಂಚದ ಬಳಿ ನಿಂತಾಗ ತೋಳುಗಳು ಮುಂದಕ್ಕೆ ಚಾಚಿ, ಅಂಗೈಗಳಲ್ಲಿ ಪುಟ್ಟ ಮನುಷ್ಯಾಕಾರವಾಗಿ ಗರ್ಭವು ಕಾಣುತ್ತದೆ. ಸೂತ್ರದ ಕರತಲಸಂಪುಟವೇ ಇಲ್ಲಿ ರೇಖೆಯಾಗಿದೆ. ಬಾಧೆಯಾಗದಂತೆ ಎತ್ತಿಕೊಂಡನೆಂಬ ವಾಕ್ಯದ ಅರ್ಥವನ್ನು ಕೈಗಳು ಹೇಳುತ್ತವೆ, ಮುಖ ಹೇಳಬೇಕಾಗಿಲ್ಲ.

ಹೀಗೆ ಕೈಗಳು ಸೂತ್ರದಿಂದ ಬಂದುವು, ಮುಖವು ಲೋಕಪರಂಪರೆಯಿಂದ ಬಂದಿತು. ಈ ಎರಡರ ಕೂಡುವಿಕೆಯೇ ಹರಿನೈಗಮೇಷಿಯ ಚಿತ್ರ. ಪಾಠದಲ್ಲಿಲ್ಲದ ಮುಖವನ್ನು ಬರೆದುದು ಚಿತ್ರಕಾರನ ಪ್ರಮಾದವೆನ್ನುವವರು ಅವನ ಕೈಗಳು ಪಾಠಕ್ಕೆ ಎಷ್ಟು ನಿಷ್ಠವಾಗಿವೆಯೆಂಬುದನ್ನು ಗಮನಿಸಿಲ್ಲ. ಕೆಲವು ಪ್ರತಿಗಳಲ್ಲಿ ಗರ್ಭವು ಒಂದೇ ಕೈಯಲ್ಲಿರುವುದುಂಟು. ಅಂತಹ ಕಡೆ ಗುರುತು ಉಳಿದು ಭಾವ ಕುಂದಿದೆಯೆನ್ನಬೇಕು. ಹದಿನೈದನೆಯ ಶತಮಾನದಲ್ಲಿ ದಾನಕ್ಕಾಗಿ ಪ್ರತಿಗಳನ್ನು ಬರೆಯಿಸುವ ಉತ್ಸಾಹ ಹೆಚ್ಚಿ ಚಿತ್ರಗಳು ಯಾಂತ್ರಿಕವಾದುವೆಂಬ ಆಕ್ಷೇಪವು ಸರ್ವವಿದಿತ. ೧೪೩೯ರ ಮಾಂಡು ಪ್ರತಿ, ೧೪೬೫ರ ಜೌನ್ಪುರದ ಸ್ವರ್ಣಾಕ್ಷರ ಪ್ರತಿ, ಸುಮಾರು ೧೪೭೫ರದೆಂದು ಎಣಿಸಲಾಗಿರುವ ದೇವಸಾನೋ ಪಾಡೋ ಪ್ರತಿ ಇವು ಆ ಶತಮಾನದವೇ. ಸಂಖ್ಯೆ ಹೆಚ್ಚಿದ ಕಾಲದಲ್ಲಿ ಗುಣವೂ ಎತ್ತರಕ್ಕೆ ಏರಬಲ್ಲದೆಂಬುದಕ್ಕೆ ಇವು ನಿದರ್ಶನ. ಆದುದರಿಂದ ಶತಮಾನವನ್ನು ನೋಡಿ ತೀರ್ಪು ಕೊಡದೆ ಪ್ರತಿಪ್ರತಿಯನ್ನೂ, ಪತ್ರಪತ್ರವನ್ನೂ ಬೇರೆಬೇರೆಯಾಗಿ ತೂಗುವುದು ಯುಕ್ತ.

೫

ಚಿತ್ರಕಾರನ ಈ ಸಂಯಮದ ಬೆಲೆ ಇನ್ನೊಂದು ದೃಶ್ಯದೊಡನೆ ಹೋಲಿಸಿದಾಗ ಹೆಚ್ಚು ಸ್ಪಷ್ಟವಾಗುತ್ತದೆ. ನೇಮಿನಾಥನ ವಿವಾಹಕ್ಕಾಗಿ ಕೂಡಿಹಾಕಿದ್ದ ಮೃಗಗಳ ಪ್ರಸಂಗವು ಉತ್ತರಾಧ್ಯಯನದ ರಥನೇಮೀಯ ಅಧ್ಯಯನದಲ್ಲಿದೆ. ಕಲ್ಪಸೂತ್ರದ ನೇಮಿಚರಿತವು ಬಹು ಸಂಕ್ಷಿಪ್ತ. ಆದರೂ ಕಲ್ಪಸೂತ್ರದ ಅನೇಕ ಪ್ರತಿಗಳಲ್ಲಿ ಆ ದೊಡ್ಡಿಯ ಚಿತ್ರ ಬಂದಿದೆ. ಅಲ್ಲಿನ ಜಿಂಕೆ ಮೊದಲಾದುವು ಪೂರ್ಣವಾಗಿ ಪಶುಗಳೇ. ಅವುಗಳಿಗೆ ಮನುಷ್ಯನ ಕೈಯಿಲ್ಲ, ಮನುಷ್ಯನ ಮುಖವಿಲ್ಲ. ನೋಡುವವನ ಕರುಣೆಯನ್ನು ಕೆರಳಿಸಲು ಅವುಗಳನ್ನು ಮನುಷ್ಯರಂತೆ ಮಾಡಬೇಕೆಂದು ಚಿತ್ರಕಾರನಿಗೆ ತೋರಲಿಲ್ಲ. ಪಂಚೇಂದ್ರಿಯ ತಿರ್ಯಂಚ ಜೀವವು ತನ್ನ ರೂಪದಲ್ಲಿಯೇ ದಯೆಗೆ ಪಾತ್ರವೆಂಬ ತತ್ತ್ವಕ್ಕೆ ಇದು ಅನುಗುಣವಾಗಿದೆ. ಮನುಷ್ಯಾವಯವಗಳು ದೊರೆತುದು ದೇವನಿಗೆ, ಅವನು ಮಾಡಬೇಕಾದ ಕಾರ್ಯಕ್ಕೆ ಕೈಗಳು ಬೇಕಾದುದರಿಂದ. ಪಶುವಿಗೆ ಮನುಷ್ಯಲಕ್ಷಣವನ್ನು ಎಲ್ಲಿ ಕೊಡಬೇಕು, ಎಲ್ಲಿ ಕೊಡಬಾರದು ಎಂಬ ವಿವೇಕವು ಒಂದೇ ಗ್ರಂಥದ ಎರಡು ಪತ್ರಗಳಲ್ಲಿ ಹೀಗೆ ಪ್ರಕಟವಾಗಿದೆ.

ಈ ಹೋಲಿಕೆಯಿಂದ ವಿಧಾನದ ದೃಷ್ಟಿಯಿಂದಲೂ ಒಂದು ಪ್ರಯೋಜನವುಂಟು. ಒಂದೇ ಕೈ ಬರೆದ ಪ್ರತಿಯಲ್ಲಿ ನೇಮಿಯ ದೊಡ್ಡಿಯ ಜಿಂಕೆಯನ್ನೂ ಹರಿನೈಗಮೇಷಿಯ ಶಿರಸ್ಸನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಆ ಚಿತ್ರಕಾರನು ಮನಸ್ಸಿನಲ್ಲಿರಿಸಿಕೊಂಡ ಪಶು ಯಾವುದೆಂಬುದನ್ನು ಅವನ ರೇಖೆಯಿಂದಲೇ ನಿರ್ಣಯಿಸಬಹುದು. ಕೊಂಬು ಹಿಂದಕ್ಕೆ ಬಾಗಿದೆಯೆ, ನೆಟ್ಟಗೆ ಸುರುಳಿಯಾಗಿದೆಯೆ, ಕವಲೊಡೆದಿದೆಯೆ. ಗಲ್ಲದ ಕೆಳಗೆ ಗಡ್ಡವಿದೆಯೆ. ಕಿವಿ ನಿಮಿರಿದೆಯೆ, ಜೋತಿದೆಯೆ. ಮನುಷ್ಯಮುಖಗಳಿಗೆ ಮೀಸಲಾದ ಹೊರಚಾಚಿದ ಕಣ್ಣನ್ನು ಈ ಪಶುಮುಖಕ್ಕೂ ಕೊಟ್ಟಿದೆಯೆ, ಇಲ್ಲವೆ ಇತರ ಪ್ರಾಣಿಗಳಂತೆ ಶುದ್ಧ ಪಾರ್ಶ್ವದೃಷ್ಟಿಯಲ್ಲಿ ಒಂದೇ ಕಣ್ಣನ್ನು ಬರೆದಿದೆಯೆ ಎಂಬ ಅಂಶಗಳನ್ನು ಸೂಚಿಗಳಲ್ಲಿ ದಾಖಲಿಸಬೇಕು. ಕಡೆಯ ಅಂಶವಂತೂ ಅತ್ಯಂತ ಮುಖ್ಯ. ಎರಡನೆಯ ಕಣ್ಣನ್ನು ಕೊಟ್ಟವನು ಈ ಮುಖವನ್ನು ದೇವಮುಖಗಳ ಪಂಕ್ತಿಗೆ ಸೇರಿಸಿದ್ದಾನೆ. ಕೊಡದವನು ಅದನ್ನು ಪಶುಗಳ ಪಂಕ್ತಿಯಲ್ಲಿಯೇ ಉಳಿಸಿದ್ದಾನೆ.

ಕರ್ನಾಟಕದ ಸಾಮಗ್ರಿಯಲ್ಲಿ ಇದಕ್ಕೆ ನೇರವಾದ ಸಮಾನಾಂತರವನ್ನು ನಿರೀಕ್ಷಿಸಲಾಗದು. ಮೂಡಬಿದಿರೆಯಲ್ಲಿ ಸಂರಕ್ಷಿತವಾಗಿರುವ ಹನ್ನೆರಡನೆಯ ಶತಮಾನದ ಆದಿಭಾಗದ ಧವಲಾದಿ ಸಿದ್ಧಾಂತಗ್ರಂಥಗಳ ಓಲೆಗಳಲ್ಲಿ ಜಿನರೂ ಬಾಹುಬಲಿಯೂ ಅಂಬಿಕೆಯೂ ಇದ್ದಾರೆ; ಗರ್ಭಾಪಹರಣವು ಆ ಪರಂಪರೆಗೆ ಸಲ್ಲುವ ಪ್ರಸಂಗವೇ ಅಲ್ಲ. ಆದರೆ ಆದಿನಾಥನ ಯಕ್ಷನಾದ ಗೋಮುಖನು ಇಲ್ಲಿನ ವಿದ್ವಾಂಸರಿಗೆ ಸುಪರಿಚಿತ. ಅವನ ವೃಷಮುಖವನ್ನು ಹೆಸರೇ ಹೇಳುತ್ತದೆ. ಆಶಾಧರನ ಪ್ರತಿಷ್ಠಾಸಾರೋದ್ಧಾರದಂತಹ ಗ್ರಂಥಗಳು ಪರಶು, ಅಕ್ಷಸೂತ್ರ, ಫಲ, ವರದಗಳೊಡನೆ ಅದನ್ನು ವಿಧಿಸುತ್ತವೆ. ಗೋಮುಖನಲ್ಲಿ ಮುಖಕ್ಕೆ ಶಾಸ್ತ್ರದ ಆಧಾರವಿದೆ, ಆದರೆ ಕಥೆಯಿಲ್ಲ. ಅವನು ನಿಂತಲ್ಲಿಯೇ ನಿಂತ ಮೂರ್ತಿ. ಹರಿನೈಗಮೇಷಿಯಲ್ಲಿ ಕಥೆಯಿದೆ, ಮುಖಕ್ಕೆ ಸೂತ್ರದ ಆಧಾರವಿಲ್ಲ. ಅವನು ನಡೆಯುವ, ಬಾಗುವ, ಹೊರುವ ಪಾತ್ರ. ಪ್ರತಿಷ್ಠಾಲಕ್ಷಣದ ಅಳತೆಗೋಲಿನಿಂದ ಗೋಮುಖನನ್ನು ಪರೀಕ್ಷಿಸಬಹುದು. ಅದೇ ಅಳತೆಗೋಲನ್ನು ಹರಿನೈಗಮೇಷಿಗೆ ಹಚ್ಚಿ, ಲಕ್ಷಣಕ್ಕೆ ಸರಿಹೊಂದಲಿಲ್ಲವೆಂದು ದೋಷವನ್ನೆಣಿಸುವುದು ನ್ಯಾಯವಲ್ಲ. ಒಬ್ಬನು ಲಕ್ಷಣದಿಂದ ಸಿದ್ಧನಾದವನು, ಇನ್ನೊಬ್ಬನು ಕ್ರಿಯೆಯಿಂದ ಸಿದ್ಧನಾದವನು.

ಕಲ್ಪಸೂತ್ರದ ಪಾಠಶೋಧನೆಯಲ್ಲಿ ಯಾಕೋಬಿಯವರಿಂದ ಮುನಿ ಪುಣ್ಯವಿಜಯಜಿಯವರವರೆಗೆ ಮಹತ್ತ್ವದ ಕಾರ್ಯ ನಡೆದಿದೆ. ನಾರ್ಮನ್ ಬ್ರೌನ್, ಸಾರಾಭಾಯಿ ನವಾಬ್, ಮೋತಿಚಂದ್ರ ಮೊದಲಾದವರು ಚಿತ್ರಗಳ ಮೇಲೆ ಬೆಳಕನ್ನು ಚೆಲ್ಲಿದ್ದಾರೆ. ಪಾಠವನ್ನು ಬಲ್ಲವರು ಚಿತ್ರವನ್ನೂ ಚಿತ್ರವನ್ನು ಬಲ್ಲವರು ಪಾಠವನ್ನೂ ಒಂದೇ ಪತ್ರದ ಮೇಲೆ ಕೂಡಿಸಿ ಓದುವ ಕಾರ್ಯ ಇನ್ನೂ ವಿಸ್ತಾರಗೊಳ್ಳಬೇಕಾಗಿದೆ. ಲಿಪಿಕಾರನು ಒಂದು ಅಕ್ಷರವನ್ನು ಬದಲಿಸಿದರೆ ಅದನ್ನು ಅಡಿಟಿಪ್ಪಣಿಯಲ್ಲಿ ತೋರಿಸುವ ಸಂಪಾದಕನು, ಅದೇ ಪತ್ರದಲ್ಲಿ ಆಡು ಹುಲ್ಲೆಯಾದುದನ್ನು ತೋರಿಸದೆ ಬಿಡುವುದು ಶಾಸ್ತ್ರೀಯ ಪದ್ಧತಿಯಾಗಲಾರದು. ಹರಿನೈಗಮೇಷಿಯ ಮುಖವು ಸೂತ್ರಕ್ಕಿಂತ ಬೇರೆಯಾದ ಒಂದು ಪರಂಪರೆಗೆ ಸಾಕ್ಷಿ, ಅವನ ಕೈಗಳು ಸೂತ್ರಕ್ಕೆ ಸಾಕ್ಷಿ. ಈ ಎರಡು ಸಾಕ್ಷ್ಯಗಳನ್ನೂ ಬೇರೆಬೇರೆಯಾಗಿ ಬರೆದಿಟ್ಟಲ್ಲದೆ ಯಾವ ಸಚಿತ್ರ ಪ್ರತಿಯ ವಿವರಣೆಯೂ ಪೂರ್ಣವಾಯಿತೆನ್ನಲಾಗದು.